ಅಚ್ಚಿನ ಬಿರುಕು, ನಾಣ್ಯದ ಉಬ್ಬು

ನಮ್ಮ ಗಲ್ಲಾಪೆಟ್ಟಿಗೆಗೆ ಬೀಳುವ ನಾಣ್ಯಗಳೆಲ್ಲ ಹಿಟ್ಟು ಮೆತ್ತಿಕೊಂಡೇ ಇರುತ್ತವೆ. ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಅಪ್ಪ ಹಾಕಿದ ಹಿಟ್ಟಿನ ಗಿರಣಿ ನಮ್ಮದು. ಗೋಡೆಗೆ ಮೊಬೈಲ್ ಹಣದ ಫಲಕ ಅಂಟಿಸಿ ವರ್ಷಗಳಾದರೂ ಜೋಳ ಬೀಸಿಸಲು ಬರುವ ಅಜ್ಜಿಯಂದಿರು ಸೆರಗಿನ ಗಂಟು ಬಿಚ್ಚುವುದನ್ನು ಬಿಟ್ಟಿಲ್ಲ. ರಾತ್ರಿ ಮೋಟಾರು ನಿಂತ ಮೇಲೆ ಆ ಚಿಲ್ಲರೆಯನ್ನೆಲ್ಲ ಹಳೆಯ ಧೋತರದ ತುಂಡಿನಿಂದ ಒರೆಸಿ, ಒಂದರದು, ಎರಡರದು, ಐದರದು ಎಂದು ಸಾಲು ಹಚ್ಚುವುದು ನನ್ನ ಪಾಲಿನ ಕೆಲಸ.

ಅಂಥ ಒಂದು ರಾತ್ರಿ ಎರಡು ರೂಪಾಯಿಯ ಉಕ್ಕಿನ ನಾಣ್ಯವೊಂದರ ಸಿಂಹದ ಬದಿಯಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಯೊಂದು ಕಂಡಿತು. ಬಲಗಡೆಯ ಅಂಚಿನಿಂದ ಹೊರಟು ‘ಇಂಡಿಯಾ’ ಎಂಬ ಇಂಗ್ಲಿಷ್ ಪದದ ಕೊನೆಯ ಅಕ್ಷರಕ್ಕೆ ಹೋಗಿ ಮುಟ್ಟಿತ್ತು. ಯಾರೋ ಮೊಳೆಯಿಂದ ಗೀರಿದ್ದಾರೆ ಎಂದುಕೊಂಡೆ. ಆದರೆ ಗೀರಾಗಿದ್ದರೆ ಹಿಟ್ಟು ಅದರ ಒಳಗೆ ಕೂತು ಬಿಳಿ ಗೆರೆ ಕಾಣಬೇಕಿತ್ತು. ಇಲ್ಲಿ ಹಿಟ್ಟು ಗೆರೆಯ ಎರಡು ಮಗ್ಗುಲಿಗೆ ನಿಂತಿತ್ತು, ಗೆರೆ ಮಾತ್ರ ಲೋಹದ ಬಣ್ಣದಲ್ಲಿ ಹೊಳೆಯುತ್ತಿತ್ತು. ಉಗುರಿನಿಂದ ಸವರಿ ನೋಡಿದೆ. ಉಗುರು ತಗ್ಗಿಗೆ ಇಳಿಯಲಿಲ್ಲ, ದಿಬ್ಬ ಹತ್ತಿತು.

ನಾಣ್ಯದ ಮೇಲೆ ಯಾರಾದರೂ ಏನಾದರೂ ಗೀರಿದರೆ ತಗ್ಗಾಗುತ್ತದೆ. ಉಬ್ಬಿದ ಗೆರೆಯನ್ನು ಯಾರೂ ಗೀರಲಾರರು. ಹಾಗಾದರೆ ಆ ಗೆರೆ ಎಲ್ಲಿಂದ ಬಂತು? ಉತ್ತರ ನಮ್ಮ ಭಾಗದ ಪ್ರತಿ ಮನೆಯ ಅಟ್ಟದ ಮೇಲಿದೆ. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಹಾಕುವ ಕಟ್ಟಿಗೆಯ ಅಚ್ಚುಗಳನ್ನು ನೆನಪಿಸಿಕೊಳ್ಳಿ. ಆನೆಯ ಅಚ್ಚಿನಲ್ಲಿ ಆನೆ ತಗ್ಗಾಗಿರುತ್ತದೆ, ಸಕ್ಕರೆಯಲ್ಲಿ ಉಬ್ಬಿ ಬರುತ್ತದೆ. ಅಚ್ಚಿನ ಕಟ್ಟಿಗೆ ಬಿರುಕು ಬಿಟ್ಟಿದ್ದರೆ ಪಾಕ ಆ ಬಿರುಕಿಗೂ ಇಳಿಯುತ್ತದೆ, ಆನೆಯ ಹೊಟ್ಟೆಯ ಮೇಲೆ ಒಂದು ಸಣ್ಣ ಏಣು ಏಳುತ್ತದೆ. ಅಚ್ಚಿನ ತಗ್ಗಿನಲ್ಲಿ ಹೋದ ವರ್ಷದ ಸಕ್ಕರೆ ಅಂಟಿ ಉಳಿದಿದ್ದರೆ ಆನೆಗೆ ಸೊಂಡಿಲೇ ಇರುವುದಿಲ್ಲ. ಅಚ್ಚಿನ ಅಂಚು ಚಕ್ಕೆ ಎದ್ದಿದ್ದರೆ ಅಲ್ಲೊಂದು ಸಕ್ಕರೆಯ ಗಡ್ಡೆ. ನಾಣ್ಯದ ತಪ್ಪುಗಳಲ್ಲಿ ಅರ್ಧದಷ್ಟನ್ನು ನಮ್ಮ ಅವ್ವ ಈ ಭಾಷೆಯಲ್ಲೇ ವಿವರಿಸಿಬಿಡಬಲ್ಲಳು. ಉಳಿದರ್ಧಕ್ಕೆ ಟಂಕಸಾಲೆಯ ಒಳಗೆ ಸ್ವಲ್ಪ ಇಣುಕಬೇಕು.

ದೇಶದಲ್ಲಿ ಸರ್ಕಾರದ ಟಂಕಸಾಲೆಗಳು ನಾಲ್ಕು: ಮುಂಬೈ, ಕೋಲ್ಕತ್ತ, ಹೈದರಾಬಾದ್ ಮತ್ತು ನೋಯ್ಡಾ. ಎಲ್ಲ ಕಡೆಯೂ ಕೆಲಸದ ಕ್ರಮ ಹೆಚ್ಚೂಕಡಿಮೆ ಒಂದೇ. ಲೋಹದ ಉದ್ದನೆಯ ಪಟ್ಟಿಯಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಕಾಯಿಸಿ ಮೆದು ಮಾಡುತ್ತಾರೆ. ಅಂಚನ್ನು ಒತ್ತಿ ಸ್ವಲ್ಪ ಮೇಲೆಬ್ಬಿಸುತ್ತಾರೆ. ಆಮೇಲೆ ಬಿಲ್ಲೆ ಒಂದು ಗಟ್ಟಿ ಉಕ್ಕಿನ ಬಳೆಯೊಳಗೆ ಬಂದು ಕೂರುತ್ತದೆ. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು. ಹತ್ತಾರು ಟನ್ ಭಾರದ ಒಂದೇ ಏಟು. ಲೋಹ ಕರಗುವುದಿಲ್ಲ, ತಣ್ಣಗಿರುವಾಗಲೇ ಕಣಕದಂತೆ ಹರಿದು ಅಚ್ಚಿನ ತಗ್ಗುಗಳನ್ನೆಲ್ಲ ತುಂಬುತ್ತದೆ. ಪಕ್ಕಕ್ಕೆ ಹರಿಯದಂತೆ ಬಳೆ ತಡೆಯುತ್ತದೆ. ನಾಣ್ಯದ ಅಂಚಿನ ಹಲ್ಲುಗಳು ಬರುವುದೂ ಈ ಬಳೆಯ ಒಳಮೈಯಿಂದಲೇ. ಯಂತ್ರ ಇದನ್ನು ನಿಮಿಷಕ್ಕೆ ನೂರಾರು ಸಲ ಮಾಡುತ್ತದೆ. ನೂರಾರು ಸಲದಲ್ಲಿ ಒಮ್ಮೆ ಅಲ್ಲ, ಲಕ್ಷಗಟ್ಟಲೆ ಏಟುಗಳಲ್ಲಿ ಎಲ್ಲೋ ಒಮ್ಮೆ ಎಡವುತ್ತದೆ. ಎಡವಿದ್ದನ್ನು ಅಲ್ಲಿಯೇ ಹೆಕ್ಕಿ ತೆಗೆಯುವವರಿದ್ದಾರೆ. ಅವರ ಕಣ್ಣನ್ನೂ ತಪ್ಪಿಸಿಕೊಂಡದ್ದು ಚೀಲದೊಳಗೆ ಸೇರಿ, ಬ್ಯಾಂಕು ದಾಟಿ, ಕಾಯಿಪಲ್ಲೆಯವಳ ಬುಟ್ಟಿ ದಾಟಿ ನಮ್ಮ ಕೈಗೆ ಬರುತ್ತದೆ.

ಆದ್ದರಿಂದ ವಿಚಿತ್ರವಾದ ನಾಣ್ಯ ಕೈಗೆ ಬಂದಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ‘ಇದಕ್ಕೆ ಎಷ್ಟು ಬೆಲೆ?’ ಎಂದಲ್ಲ. ಇದು ಆ ಒಂದು ಏಟು ಬೀಳುವ ಹೊತ್ತಿಗೆ ಆದದ್ದೋ, ಆಮೇಲೆ ಆದದ್ದೋ? ಏಟಿನ ಹೊತ್ತಿಗೆ ಆದದ್ದಾದರೆ ತಪ್ಪು ಮೂರು ಕಡೆಗಳಲ್ಲಿ ಒಂದರಲ್ಲಿರಬೇಕು: ಬಿಲ್ಲೆಯಲ್ಲಿ, ಅಚ್ಚಿನಲ್ಲಿ, ಇಲ್ಲವೇ ಹೊಡೆತದಲ್ಲಿ. ಈ ಮೂರರಲ್ಲಿ ಯಾವುದರಿಂದಲೂ ವಿವರಿಸಲಾಗದ ವಿಕಾರ ಕಂಡರೆ ಅದು ಹೊರಗಿನವರ ಕೈವಾಡ.

ಬಿಲ್ಲೆಯಿಂದ ಶುರು ಮಾಡೋಣ. ಕರಿಗಡಬಿಗೆ ಹಿಟ್ಟು ಲಟ್ಟಿಸಿ ಬಟ್ಟಲಿನ ಬಾಯಿಯಿಂದ ದುಂಡಗೆ ಕತ್ತರಿಸುವಾಗ ಅವಸರ ಮಾಡಿದರೆ ಏನಾಗುತ್ತದೆ? ಬಟ್ಟಲು ಮೊದಲೇ ಕತ್ತರಿಸಿದ ತೂತಿನ ಮೇಲೆ ಸ್ವಲ್ಪ ಬೀಳುತ್ತದೆ, ಕಚ್ಚಿ ಬಿಟ್ಟ ರೊಟ್ಟಿಯಂಥ ತುಂಡು ಸಿಗುತ್ತದೆ. ಲೋಹದ ಪಟ್ಟಿ ಮುಂದೆ ಸರಿಯುವುದು ತುಸು ತಡವಾದಾಗ ಆಗುವುದೂ ಅದೇ. ಅಂಚಿನಲ್ಲಿ ಬಿದಿಗೆಯ ಚಂದ್ರನಷ್ಟು ಭಾಗ ಇಲ್ಲದ ಬಿಲ್ಲೆ ಅಚ್ಚಿಗೆ ಹೋಗಿ ಹಾಗೆಯೇ ನಾಣ್ಯವಾಗಿ ಬರುತ್ತದೆ. ಪಟ್ಟಿಯ ತುದಿ ಸಿಕ್ಕಿದ್ದರೆ ಚಂದ್ರಾಕಾರದ ಬದಲು ನೇರವಾಗಿ ಕತ್ತರಿಸಿದಂತಿರುತ್ತದೆ.

ಇಂಥ ‘ಕಚ್ಚಿದ’ ನಾಣ್ಯವನ್ನು ಕಾನಸು ಹಾಕಿ ಮನೆಯಲ್ಲೂ ಮಾಡಬಹುದು, ಮಾಡುವವರೂ ಇದ್ದಾರೆ. ಅಸಲಿಯನ್ನು ಗುರುತಿಸಲು ಕಚ್ಚಿದ ಜಾಗಕ್ಕಿಂತ ಅದರ ಸರಿ ಎದುರಿನ ಅಂಚನ್ನು ನೋಡಬೇಕು. ಬಿಲ್ಲೆಯ ಅಂಚೆಬ್ಬಿಸುವ ಯಂತ್ರ ಅದನ್ನು ಎರಡು ಕಡೆಯಿಂದ ಹಿಸುಕಿ ಉರುಳಿಸುತ್ತದೆ. ಒಂದು ಬದಿಯಲ್ಲಿ ಲೋಹವೇ ಇಲ್ಲದಿದ್ದರೆ ಆ ಕ್ಷಣಕ್ಕೆ ಎದುರಿನ ಬದಿಗೂ ಒತ್ತಡ ಬೀಳುವುದಿಲ್ಲ. ಹೀಗಾಗಿ ಕಚ್ಚಿನ ಎದುರಿಗೆ ಅಂಚು ಸೊರಗಿರುತ್ತದೆ, ಕೆಲವೊಮ್ಮೆ ಮಾಯವೇ ಆಗಿರುತ್ತದೆ. ಕಾನಸು ಹಿಡಿದವನಿಗೆ ಈ ಲೆಕ್ಕ ಗೊತ್ತಿರುವುದಿಲ್ಲ. ಇನ್ನೊಂದು ಸಾಕ್ಷಿ ಅಕ್ಷರಗಳದ್ದು. ಅಸಲಿಯಲ್ಲಿ ಕಚ್ಚಿನ ಹತ್ತಿರದ ಅಕ್ಷರಗಳು ಖಾಲಿ ಜಾಗದ ಕಡೆಗೆ ಹರಿದು ಹಿಗ್ಗಿದಂತಿರುತ್ತವೆ. ನಕಲಿಯಲ್ಲಿ ಚಾಕುವಿನಿಂದ ಕುಯ್ದಂತೆ ಥಟ್ಟನೆ ನಿಲ್ಲುತ್ತವೆ.

ಬೇರೆ ನಾಣ್ಯದ ಬಿಲ್ಲೆ ತಪ್ಪಿ ಬಂದು ಸೇರುವುದೂ ಉಂಟು. ಬ್ಯಾರಲ್ಲಿನ ಮೂಲೆಯಲ್ಲಿ ಉಳಿದ ಒಂದು ರೂಪಾಯಿಯ ಬಿಲ್ಲೆಯ ಮೇಲೆ ದೊಡ್ಡ ನಾಣ್ಯದ ಅಚ್ಚು ಬಿದ್ದರೆ ಚಿತ್ರದ ಅಂಚೆಲ್ಲ ಹೊರಗೇ ಉಳಿದು, ನಡುವಿನ ಭಾಗ ಮಾತ್ರ ಮೂಡುತ್ತದೆ. ಇದನ್ನು ಹಿಡಿಯಲು ತಕ್ಕಡಿ ಮತ್ತು ಅಯಸ್ಕಾಂತ ಬೇಕು. ಕಾಳಿನಲ್ಲಿ ಬರುವ ಮೊಳೆ ಹಿಡಿಯಲು ಗಿರಣಿಯ ಬಾಯಿಗೆ ನಾವು ಅಯಸ್ಕಾಂತ ಇಟ್ಟಿರುತ್ತೇವೆ, ನನಗೆ ಅದೇ ಸಾಕಾಗಿದೆ. ಉಕ್ಕಿನ ಒಂದು, ಎರಡು ರೂಪಾಯಿಗಳು ಅದಕ್ಕೆ ಜಿಗಿದು ಅಂಟುತ್ತವೆ. ಹಳದಿ ಬಣ್ಣದ ಐದು ರೂಪಾಯಿ ಅಂಟುವುದಿಲ್ಲ. ಹನ್ನೊಂದು ಮೂಲೆಯ ಹಳೆಯ ಎರಡು ರೂಪಾಯಿಯೂ ಅಂಟುವುದಿಲ್ಲ, ಅದು ತಾಮ್ರ ನಿಕಲ್ ಮಿಶ್ರಣ.

ಅಚ್ಚಿನ ತಪ್ಪುಗಳು ನನಗೆ ಹೆಚ್ಚು ಇಷ್ಟ. ಕಾರಣ ಅವು ಒಂಟಿಯಲ್ಲ. ಹೊಡೆತದ ತಪ್ಪು ಒಂದು ನಾಣ್ಯಕ್ಕೆ ಮುಗಿಯಿತು. ಅಚ್ಚು ಬಿರುಕು ಬಿಟ್ಟರೆ ಅದನ್ನು ಬದಲಿಸುವ ತನಕ ಹುಟ್ಟುವ ಪ್ರತಿ ನಾಣ್ಯಕ್ಕೂ ಅದೇ ಜಾಗದಲ್ಲಿ ಅದೇ ಮಚ್ಚೆ. ನಮ್ಮ ಗಿರಣಿಯ ಕಲ್ಲು ಸವೆದಾಗ ಚಾಣ ಹಿಡಿದು ಮತ್ತೆ ಗೆರೆ ಕೊರೆಯುತ್ತೇವೆ. ಟಂಕಸಾಲೆಯ ಅಚ್ಚಿಗೆ ಆ ಸೌಲಭ್ಯವಿಲ್ಲ, ಸವೆದರೆ ಬಿಸಾಡಬೇಕು. ಉಕ್ಕಿನ ಬಿಲ್ಲೆ ತಾಮ್ರದ ಬಿಲ್ಲೆಯಷ್ಟು ಮೆದುವಲ್ಲ, ಅಚ್ಚನ್ನು ಬೇಗ ದಣಿಸುತ್ತದೆ. ದಣಿದ ಅಚ್ಚಿನಲ್ಲಿ ಮೊದಲು ಕೂದಲೆಳೆಯ ಬಿರುಕು, ಆಮೇಲೆ ಅದು ಬೆಳೆದು ಇನ್ನೊಂದು ಅಂಚು ಸೇರುತ್ತದೆ, ಕೊನೆಗೆ ಆ ತುಂಡೇ ಕಳಚಿ ಬೀಳುತ್ತದೆ. ತುಂಡು ಬಿದ್ದ ಅಚ್ಚಿನಿಂದ ಬಂದ ನಾಣ್ಯದ ಅಂಚಿನಲ್ಲಿ ಅಕ್ಷರವೂ ಇಲ್ಲದ, ಚಿತ್ರವೂ ಇಲ್ಲದ ಬೋಳು ಗಡ್ಡೆ ಇರುತ್ತದೆ. ಸಂಗ್ರಾಹಕರು ಇಂಥದ್ದನ್ನು ಬಿಡುವುದೇ ಇಲ್ಲ.

ತಗ್ಗುಗಳಲ್ಲಿ ಎಣ್ಣೆ ಮತ್ತು ಲೋಹದ ಧೂಳು ಸೇರಿ ಗಟ್ಟಿಯಾದರೆ ಸೊಂಡಿಲಿಲ್ಲದ ಆನೆಯ ಕಥೆ: ವರ್ಷದ ಒಂದು ಅಂಕಿ ಇಲ್ಲ, ‘ಭಾರತ’ದ ಒಂದು ಅಕ್ಷರ ಮಾಸಲು. ಇದು ಬಹಳ ಸಾಮಾನ್ಯ, ಬೆಲೆಯೂ ಅಷ್ಟಕ್ಕಷ್ಟೆ. ಅಕ್ಷರ ಸವೆದು ಹೋಗಿದೆಯೋ, ಹುಟ್ಟುವಾಗಲೇ ಇರಲಿಲ್ಲವೋ ಎಂಬುದನ್ನು ಪಕ್ಕದ ಅಕ್ಷರ ಹೇಳುತ್ತದೆ. ನೆರೆಯ ಅಕ್ಷರ ಚೂಪಾಗಿದ್ದು ಇದೊಂದೇ ಮಾಯವಾಗಿದ್ದರೆ ಅಚ್ಚು ತುಂಬಿತ್ತು. ಎಲ್ಲವೂ ಒಟ್ಟಿಗೆ ಮೊಂಡಾಗಿದ್ದರೆ ಅದು ಜನರ ಜೇಬಿನಲ್ಲಿ ಸವೆದ ನಾಣ್ಯ. ನಡುವೆ ಬಿಲ್ಲೆ ಇಲ್ಲದೆ ಎರಡು ಅಚ್ಚುಗಳು ಮುಖಕ್ಕೆ ಮುಖ ಡಿಕ್ಕಿ ಹೊಡೆದುಕೊಂಡರೆ ಒಂದರ ಚಿತ್ರ ಇನ್ನೊಂದಕ್ಕೆ ಹತ್ತುತ್ತದೆ. ಅಂಥ ನಾಣ್ಯದ ಖಾಲಿ ಬಯಲಿನಲ್ಲಿ ಆಚೆ ಬದಿಯ ಚಿತ್ರದ ನೆರಳು ತಿರುಗುಮುರುಗಾಗಿ ಕಾಣುತ್ತದೆ.

ಹುಡುಕಲು ಎಲ್ಲಕ್ಕಿಂತ ಸುಲಭವಾದದ್ದು ತಿರುಗಿದ ಅಚ್ಚು. ನಾಣ್ಯದ ತಲೆ ಮತ್ತು ಬುಡವನ್ನು ಎರಡು ಬೆರಳುಗಳ ನಡುವೆ ಹಿಡಿದು, ಸಿಂಹ ನೆಟ್ಟಗೆ ಕಾಣುವಂತೆ ಇಟ್ಟುಕೊಳ್ಳಿ. ಈಗ ಪುಸ್ತಕದ ಹಾಳೆ ತಿರುಗಿಸಿದಂತೆ ಪಕ್ಕಕ್ಕೆ ತಿರುಗಿಸಿ. ನಮ್ಮ ನಾಣ್ಯಗಳಲ್ಲಿ ಹಿಂಬದಿಯೂ ನೆಟ್ಟಗೇ ಬರಬೇಕು. ಅಂಕಿ ವಾಲಿದ್ದರೆ ಅಥವಾ ತಲೆಕೆಳಗಾಗಿದ್ದರೆ ಅಚ್ಚು ತನ್ನ ಹಿಡಿಕೆಯಲ್ಲಿ ಸಡಿಲವಾಗಿ ತಿರುಗಿತ್ತು ಎಂದರ್ಥ. ಗಡಿಯಾರದ ಚಿಕ್ಕ ಮುಳ್ಳು ಅರ್ಧ ತಾಸಿನಲ್ಲಿ ಸರಿದಷ್ಟು ವಾಲಿದ್ದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಮೂರು ಗಂಟೆಯ ಜಾಗಕ್ಕೋ ಆರು ಗಂಟೆಯ ಜಾಗಕ್ಕೋ ಹೋಗಿದ್ದರೆ ಎತ್ತಿಡಬಹುದು. ನಮ್ಮ ಮನೆಯ ಹುಡುಗರು ರಜೆಯಲ್ಲಿ ಈ ಆಟವನ್ನೇ ಆಡುತ್ತಾರೆ, ನನಗೆ ಎಣಿಕೆಯ ಕೆಲಸ ಹಗುರಾಗುತ್ತದೆ.

ಎರಡೆರಡಾಗಿ ಕಾಣುವ ಅಕ್ಷರಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು, ಹೊಸಬರು ಎಡವುವುದು ಇಲ್ಲಿಯೇ. ಕೆಲಸದ ಅಚ್ಚನ್ನು ಮೂಲ ಅಚ್ಚಿನಿಂದ ಒತ್ತಿ ತೆಗೆಯುತ್ತಾರೆ. ಆ ಒತ್ತುವಿಕೆಯಲ್ಲೇ ಸರಿದು ಎರಡು ಸಲ ಮೂಡಿದ್ದರೆ ಅದು ನಿಜವಾದ ಜೋಡಿ ಅಚ್ಚು. ಎರಡನೆಯ ಗೆರೆಯೂ ಮೊದಲಿನಷ್ಟೇ ಮೈದುಂಬಿ, ಅಕ್ಷರದ ಮೂಲೆಗಳು ಸೀಳಿದಂತೆ ಕಾಣುತ್ತವೆ. ಆದರೆ ನೂರಕ್ಕೆ ತೊಂಬತ್ತು ಸಲ ನಾವು ನೋಡುವುದು ಬೇರೆ. ಏಟು ಬಿದ್ದ ಮೇಲೆ ಸಡಿಲವಾದ ಅಚ್ಚು ಅಲುಗಿ, ಮೂಡಿದ ಅಕ್ಷರದ ಬದಿಯನ್ನು ತಳ್ಳಿಬಿಟ್ಟಿರುತ್ತದೆ. ಅಲ್ಲಿ ಎರಡನೆಯ ಗೆರೆ ಮೆಟ್ಟಿಲಿನಂತೆ ಚಪ್ಪಟೆಯಾಗಿ, ಹೊಳಪಾಗಿ ಇರುತ್ತದೆ, ಅಕ್ಷರ ಮೊದಲಿಗಿಂತ ಸಣಕಲಾಗಿರುತ್ತದೆ. ಅದು ಯಂತ್ರದ ನಡುಕ. ಅದನ್ನು ಅಪರೂಪ ಎಂದು ಮಾರುವವರನ್ನು ಕಂಡರೆ ನಕ್ಕು ಮುಂದೆ ಹೋಗಿ.

ಇನ್ನು ಹೊಡೆತದ ತಪ್ಪುಗಳು. ಬಿಲ್ಲೆ ಬಳೆಯೊಳಗೆ ಸರಿಯಾಗಿ ಕೂರದೆ ಪಕ್ಕಕ್ಕೆ ಜಾರಿದ್ದಾಗ ಏಟು ಬಿದ್ದರೆ ಚಿತ್ರವೆಲ್ಲ ಒಂದು ಬದಿಗೆ, ಇನ್ನೊಂದು ಬದಿ ಬೋಳು. ವರ್ಷ ಕಾಣುವಂತಿದ್ದರೆ ಇದಕ್ಕೆ ಬೇಡಿಕೆ ಜಾಸ್ತಿ. ಬಿಲ್ಲೆ ನಡುವೆಯೇ ಇದ್ದು ಬಳೆ ಮಾತ್ರ ಕೈಕೊಟ್ಟರೆ ಲೋಹ ಸುತ್ತಲೂ ಹರಡಿ, ಅಂಚಿಲ್ಲದ, ಅಗಲವಾದ, ತೆಳ್ಳಗಿನ ನಾಣ್ಯ ಬರುತ್ತದೆ. ಒಮ್ಮೆ ಮುದ್ರೆ ಬಿದ್ದ ನಾಣ್ಯ ಹೊರಗೆ ಬೀಳದೆ ಅಲ್ಲೇ ಉಳಿದು ಮತ್ತೊಂದು ಏಟು ತಿಂದರೆ ಚಿತ್ರದ ಮೇಲೆ ಚಿತ್ರ.

ಇವುಗಳಲ್ಲಿ ರಾಜಯೋಗ ಇರುವುದು ‘ಲಖಿ’ಗೆ. ನಮ್ಮ ದೇಶದ ಸಂಗ್ರಾಹಕರು ಬಳಸುವ ಹೆಸರು ಇದು. ಮುದ್ರೆ ಬಿದ್ದ ನಾಣ್ಯ ಅಚ್ಚಿಗೇ ಕಚ್ಚಿಕೊಂಡು ಉಳಿಯುತ್ತದೆ. ಮುಂದಿನ ಬಿಲ್ಲೆಯ ಒಂದು ಮುಖಕ್ಕೆ ಅಚ್ಚಿನ ಬದಲು ಈ ನಾಣ್ಯವೇ ಬಂದು ಬಡಿಯುತ್ತದೆ. ಫಲವಾಗಿ ಒಂದು ಬದಿ ಮಾಮೂಲಿ, ಇನ್ನೊಂದು ಬದಿಯಲ್ಲಿ ಅದೇ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ, ಉಬ್ಬುವ ಬದಲು ಒಳಗೆ ಇಳಿದಿರುತ್ತದೆ. ಎರಡು ನಾಣ್ಯಗಳನ್ನು ಬೆಂಚ್ ವೈಸ್‌ಗೆ ಸಿಕ್ಕಿಸಿ ಹಿಸುಕಿದರೂ ಇಂಥದ್ದೇ ಅಚ್ಚೊತ್ತು ಬರುತ್ತದೆ. ಆದರೆ ಅಲ್ಲಿ ಮೊದಲೇ ಇದ್ದ ಚಿತ್ರ ಎಲ್ಲಿಗೆ ಹೋಗಬೇಕು? ಚಪ್ಪಟೆಯಾದ ಹಳೆಯ ಚಿತ್ರದ ಅವಶೇಷ ಒಳಗಿಳಿದ ಹೊಸ ಚಿತ್ರದ ಕೆಳಗೆ ಇಣುಕುತ್ತಿರುತ್ತದೆ. ಅಸಲಿ ಲಖಿಯ ಆ ಮುಖದಲ್ಲಿ ಎರಡನೆಯ ಚಿತ್ರದ ಸುಳಿವೇ ಇರುವುದಿಲ್ಲ.

ಹತ್ತು ರೂಪಾಯಿಯ ಎರಡು ಲೋಹದ ನಾಣ್ಯದ್ದು ಇನ್ನೊಂದು ಬಗೆ. ಹೊರಗಿನ ಉಂಗುರ, ಒಳಗಿನ ಬೊಟ್ಟು ಎರಡೂ ಬೇರೆ ಬೇರೆ ಬಿಲ್ಲೆಗಳಾಗಿ ಬಂದು ಅದೇ ಏಟಿನಲ್ಲಿ ಬೆಸೆದುಕೊಳ್ಳುತ್ತವೆ. ಬೊಟ್ಟು ಬಾರದೆ ಉಂಗುರಕ್ಕೆ ಮಾತ್ರ ಏಟು ಬಿದ್ದಿದ್ದರೆ ಲೋಹ ಖಾಲಿ ನಡುವಿನ ಕಡೆಗೆ ಹರಿದು ತೂತಿನ ಅಂಚು ದುಂಡಾಗಿ ಸೊಟ್ಟಗಾಗಿರುತ್ತದೆ. ಅಂಗಡಿಯವರು ತೋರಿಸುವ ‘ತೂತಿನ ನಾಣ್ಯ’ಗಳಲ್ಲಿ ಅಂಚು ಚೂಪಾಗಿ, ಒಳಗೋಡೆಯಲ್ಲಿ ಬೊಟ್ಟು ಕೂತಿದ್ದ ಗುರುತು ಇದ್ದರೆ, ಸುತ್ತಿಗೆಯಿಂದ ಹೊಡೆದು ಕೆಡವಿದ್ದೆಂದು ತಿಳಿಯಿರಿ.

ಇಷ್ಟು ಹೇಳಿದ ಮೇಲೆ ನಮ್ಮ ಊರ ಕಡೆಯ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ಗದಗ ಜಿಲ್ಲೆಯ ಲಕ್ಕುಂಡಿ ಮತ್ತು ಸೂಡಿ ಕಲ್ಯಾಣದ ಚಾಲುಕ್ಯರ ಟಂಕಸಾಲೆಗಳಿದ್ದ ಊರುಗಳು. ಲಕ್ಕುಂಡಿಗೆ ಆಗ ಲೊಕ್ಕಿಗುಂಡಿ ಎಂದು ಹೆಸರು. ಅಲ್ಲಿನ ಚಿನ್ನದ ಗದ್ಯಾಣಗಳಿಗೆ ಒಂದೇ ಏಟಿನ ಪೂರ್ತಿ ಅಚ್ಚು ಇರಲಿಲ್ಲ. ಚಿಕ್ಕ ಚಿಕ್ಕ ಮುದ್ರೆಗಳನ್ನು ಒಂದೊಂದಾಗಿ ಕೈಯಿಂದ ಬಡಿಯುತ್ತಿದ್ದರು. ಒಂದು ಮುದ್ರೆ ವಾಲಿದೆ, ಇನ್ನೊಂದು ಅರ್ಧ ಅಂಚಿನಿಂದಾಚೆ ಹೋಗಿದೆ, ಮತ್ತೊಂದು ಪಕ್ಕದ್ದನ್ನು ತುಳಿದಿದೆ. ಅಲ್ಲಿ ಇದ್ಯಾವುದೂ ತಪ್ಪಲ್ಲ, ಕೆಲಸದ ರೀತಿಯೇ ಅದು. ಎಲ್ಲ ನಾಣ್ಯಗಳೂ ತದ್ರೂಪವಾಗಿರಬೇಕು ಎಂಬ ನಿರೀಕ್ಷೆ ಯಂತ್ರದ ಜೊತೆ ಬಂದದ್ದು. ನಾಣ್ಯದ ‘ತಪ್ಪು’ ಎಂಬ ಕಲ್ಪನೆಯೂ ಅದರ ಬೆನ್ನಿಗೇ ಬಂತು.

ತಪ್ಪಲ್ಲದ್ದನ್ನು ತಪ್ಪೆಂದು ತಿಳಿಯುವುದು ಇನ್ನೂ ಹೆಚ್ಚು. ವರ್ಷದ ಕೆಳಗೆ ನೋಡಿ. ಚುಕ್ಕಿ ಇದ್ದರೆ ನೋಯ್ಡಾ, ನಕ್ಷತ್ರ ಇದ್ದರೆ ಹೈದರಾಬಾದ್, ವಜ್ರಾಕಾರ ಇದ್ದರೆ ಮುಂಬೈ, ಏನೂ ಇಲ್ಲದಿದ್ದರೆ ಕೋಲ್ಕತ್ತ. ‘ಕಾಕಾ, ಇದರಲ್ಲಿ ಗುರುತೇ ಬಿದ್ದಿಲ್ಲ, ಅಪರೂಪದ್ದು’ ಎಂದು ಕೋಲ್ಕತ್ತದ ನಾಣ್ಯ ಹಿಡಿದು ಓಡಿ ಬಂದ ಕಾಲೇಜು ಹುಡುಗರನ್ನು ನಾನೇ ಸಮಾಧಾನ ಮಾಡಿ ಕಳಿಸಿದ್ದೇನೆ. ಒಂದು ರೂಪಾಯಿ ಎರಡು ಅಳತೆಯಲ್ಲಿ ಸಿಕ್ಕರೆ ಅದೂ ತಪ್ಪಲ್ಲ. 1992ರಿಂದ ಬಂದ ಉಕ್ಕಿನ ಒಂದು ರೂಪಾಯಿ 25 ಮಿಲಿಮೀಟರ್ ಅಗಲ, 4.85 ಗ್ರಾಂ ತೂಕ. 2011ರ ಸರಣಿಯಲ್ಲಿ ಒಂದು ರೂಪಾಯಿ 22 ಮಿಲಿಮೀಟರಿನಷ್ಟು ಚಿಕ್ಕದಾಯಿತು, ಎರಡು ರೂಪಾಯಿ ಬಂದು ಹಳೆಯ ಒಂದು ರೂಪಾಯಿಯ ಅಳತೆ ಮತ್ತು ತೂಕದಲ್ಲಿ ಕೂತಿತು. ಕಣ್ಣು ಮಂದವಾದ ಅಜ್ಜಿಯರಿಗೆ ಇದರಿಂದಾದ ಗೋಳು ಟಂಕಸಾಲೆಯವರಿಗೆ ತಿಳಿದಿರಲಾರದು.

ಹತ್ತರ ನಾಣ್ಯದ ರಗಳೆಯಂತೂ ಎಲ್ಲರಿಗೂ ಗೊತ್ತು. ಚಿತ್ರದಲ್ಲಿ ಗೆರೆಯಂಥ ಹತ್ತು ಪಟ್ಟಿಗಳಿದ್ದರೆ ಅಸಲಿ, ಹದಿನೈದಿದ್ದರೆ ನಕಲಿ ಎಂಬ ಸುದ್ದಿ ಎಲ್ಲಿಂದ ಹುಟ್ಟಿತೋ, ನಮ್ಮ ಸಂತೆಗಳಲ್ಲಿ ಆ ನಾಣ್ಯವನ್ನು ಮುಟ್ಟುವವರೇ ಇಲ್ಲದ ದಿನಗಳಿದ್ದವು. ರೂಪಾಯಿಯ ಹೊಸ ಚಿಹ್ನೆ ಒಪ್ಪಿಗೆಯಾದದ್ದು 2010ರಲ್ಲಿ, ನಾಣ್ಯದ ಮೇಲೆ ಬಂದದ್ದು 2011ರಿಂದ. ಅದಕ್ಕೆ ಮೊದಲಿನ ವಿನ್ಯಾಸದಲ್ಲಿ ಹದಿನೈದು ಪಟ್ಟಿಗಳಿದ್ದವು, ಚಿಹ್ನೆ ಇರಲಿಲ್ಲ. ಅಷ್ಟೇ ವ್ಯತ್ಯಾಸ. ಆ ತನಕ ಹೊರಬಂದ ಹದಿನಾಲ್ಕು ವಿನ್ಯಾಸಗಳೂ ಚಲಾವಣೆಗೆ ಯೋಗ್ಯ ಎಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿ ಪ್ರಕಟಣೆಯನ್ನೇ ಹೊರಡಿಸಬೇಕಾಯಿತು.

ಇನ್ನು ಟಂಕಸಾಲೆ ದಾಟಿದ ಮೇಲೆ ನಾಣ್ಯಕ್ಕಾಗುವ ಗತಿ. ಹುಬ್ಬಳ್ಳಿ ರೈಲಿನ ಊರು. ಹಳಿಯ ಮೇಲೆ ನಾಣ್ಯ ಇಟ್ಟು ಓಡಿದ ಹುಡುಗರು ಪ್ರತಿ ತಲೆಮಾರಿನಲ್ಲೂ ಇದ್ದಾರೆ. ಅದು ಅಪಾಯವೂ ಹೌದು, ಅಪರಾಧವೂ ಹೌದು. ಹಾಗೆ ಚಪ್ಪಟೆಯಾದ ನಾಣ್ಯ ಬಳೆ ತಪ್ಪಿ ಅಗಲವಾದ ನಾಣ್ಯದಂತೆ ಕಾಣಬಹುದು, ಆದರೆ ಅದರ ಚಿತ್ರವೂ ಹಿಗ್ಗಿ ಮಸುಕಾಗಿರುತ್ತದೆ. ಟಂಕಸಾಲೆಯ ತಪ್ಪಿನಲ್ಲಿ ಲೋಹ ಹರಡಿದರೂ ಚಿತ್ರ ಅಚ್ಚಿನಷ್ಟೇ ಸ್ಫುಟ. ಆಮ್ಲದಲ್ಲಿ ನೆನೆಸಿದ ನಾಣ್ಯ ಎಲ್ಲ ಕಡೆ ಸಮನಾಗಿ ಸೊರಗುತ್ತದೆ, ಬೆಂಕಿಗೆ ಬಿದ್ದದ್ದು ಬಣ್ಣಗೆಡುತ್ತದೆ. ಎರಡೂ ಬದಿಗೆ ಸಿಂಹವಿರುವ ನಾಣ್ಯ ಯಾರಾದರೂ ತೋರಿಸಿದರೆ ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳಿ. ಎರಡು ನಾಣ್ಯ ಕೊರೆದು ಅಂಟಿಸಿದ್ದು ಒಡೆದ ಮಡಕೆಯಂತೆ ಮಂದವಾಗಿ ನುಡಿಯುತ್ತದೆ, ಅಂಚಿನ ಒಳಮಗ್ಗುಲಲ್ಲಿ ಕೂಡಿಕೆಯ ಗೆರೆಯೂ ಸಿಕ್ಕುತ್ತದೆ.

ನಾನೂ ಮೋಸಹೋಗಿದ್ದೇನೆ. ಒಂದು ಸಲ ಹಳೆಯ ದೊಡ್ಡ ಒಂದು ರೂಪಾಯಿ ಸಿಕ್ಕಿತು, ಸಿಂಹದ ಬದಿ ಪೂರ್ತಿ ನುಣುಪು. ಎರಡು ಬಿಲ್ಲೆಗಳು ಒಂದರ ಮೇಲೊಂದು ಕೂತು ಏಟು ತಿಂದಾಗ ಪ್ರತಿಯೊಂದಕ್ಕೂ ಒಂದೇ ಮುಖ ಮೂಡುತ್ತದೆ ಎಂದು ಓದಿದ್ದೆ. ಎರಡು ದಿನ ನೆಲದ ಮೇಲೆ ಕಾಲಿರಲಿಲ್ಲ. ಪರಿಚಯದ ಸರಾಫರ ಅಂಗಡಿಗೆ ಒಯ್ದು ತೂಗಿಸಿದೆ. ಯಂತ್ರ ತೋರಿಸಿದ್ದು 4.31. ಸರಾಫರು ನಾಣ್ಯ ನೋಡಲಿಲ್ಲ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ‘ತಮ್ಮಾ, ಇದರದು 4.85 ಎಂದು ನೀನೇ ಹೇಳಿದೆ. ಅರ್ಧ ಗ್ರಾಂ ಎಲ್ಲಿ ಹೋಯಿತು? ಟಂಕಸಾಲೆಯವರು ನನಗಿಂತ ಜಿಪುಣರಿರುತ್ತಾರೆ.’ ಆಮೇಲೆ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರ ಕೊಟ್ಟರು. ನುಣುಪಿನ ಮೇಲೆ ನಡುವಿನಿಂದ ಅಂಚಿನ ತನಕ ಒಂದರೊಳಗೊಂದು ಸುತ್ತುವ ಸಣ್ಣ ಗೆರೆಗಳು. ಯಾರೋ ಲೇತ್ ಯಂತ್ರಕ್ಕೆ ಸಿಕ್ಕಿಸಿ ಸಿಂಹವನ್ನು ಕೆರೆದು ಹಾಕಿದ್ದರು. ಏಟಿನಲ್ಲಿ ಲೋಹ ಜಾಗ ಬದಲಿಸುತ್ತದೆ, ಮಾಯವಾಗುವುದಿಲ್ಲ. ತೂಕ ಕಡಿಮೆಯಾಗಿದ್ದರೆ, ಬಿಲ್ಲೆಯೇ ಕಚ್ಚಿದ್ದೋ ಬೇರೆಯದೋ ಆಗಿರಬೇಕು, ಇಲ್ಲದಿದ್ದರೆ ಯಾರೋ ಕೆರೆದಿರಬೇಕು.

ಅಂದಿನಿಂದ ನನ್ನ ಬಳಿ ಮೂರು ಸಾಮಾನುಗಳಿವೆ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ಗ್ರಾಂನ ನೂರನೇ ಒಂದು ಭಾಗ ತೋರಿಸುವ ಪುಟ್ಟ ತಕ್ಕಡಿ, ಗಿರಣಿಯ ಅಯಸ್ಕಾಂತ. ಬೆಳಕು ಮೇಲಿನಿಂದ ಬೀಳಬಾರದು. ಮಗ್ಗುಲಿನಿಂದ ಓರೆಯಾಗಿ ಬಿದ್ದರೆ ಉಬ್ಬು ತಗ್ಗುಗಳು ನೆರಳು ಬಿಟ್ಟು ತಾವೇ ಮಾತಾಡುತ್ತವೆ. ಎತ್ತಿಡುವ ನಾಣ್ಯವನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ದೇವರ ಸಾಮಾನಲ್ಲ ಅದು. ತಿಕ್ಕಿದ ಗೀರುಗಳು ಸಾಕ್ಷಿಯನ್ನೇ ಅಳಿಸುತ್ತವೆ.

ಬೆಲೆಯ ಮಾತು ಬಂದೇ ಬರುತ್ತದೆ, ಗಿರಣಿಗೆ ಬರುವವರೆಲ್ಲ ಕೇಳುವುದು ಅದನ್ನೇ. ಸಣ್ಣ ಬಿರುಕು, ಮಾಸಿದ ಅಕ್ಷರ, ತುಸು ವಾಲಿದ ಅಚ್ಚು ಇವಕ್ಕೆಲ್ಲ ಮುಖಬೆಲೆಗಿಂತ ಹೆಚ್ಚು ಕೊಡುವವರು ಕಡಿಮೆ. ದೂರದಿಂದಲೇ ಕಣ್ಣಿಗೆ ಹೊಡೆಯುವ ತಪ್ಪಿಗೆ ಮಾತ್ರ ಗಿರಾಕಿ ಇದ್ದಾನೆ. ಹಳೆಯ ನಾಣ್ಯಕ್ಕೆ ಲಕ್ಷಾಂತರ ರೂಪಾಯಿ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕವೋ ತೆರಿಗೆಯೋ ಕಟ್ಟಿ ಎಂದು ಮೊಬೈಲಿಗೆ ಬರುವ ಸಂದೇಶಗಳನ್ನು ನಂಬಿ ಹಣ ಕಳೆದುಕೊಂಡವರು ನಮ್ಮ ಓಣಿಯಲ್ಲೇ ಇದ್ದಾರೆ. ತನ್ನ ಹೆಸರಿನಲ್ಲಿ ನಡೆಯುವ ಈ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಎಚ್ಚರಿಕೆ ಕೊಟ್ಟಿತ್ತು. ಅದು ಯಾವ ಹಳೆಯ ನಾಣ್ಯವನ್ನೂ ಹೀಗೆ ಕೊಳ್ಳುವುದಿಲ್ಲ, ಶುಲ್ಕವನ್ನೂ ಕೇಳುವುದಿಲ್ಲ. ನಾಲ್ಕಾಣೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ ಎಂಬ ಒಂದೇ ಕಾರಣಕ್ಕೆ ಅವು ಅಪರೂಪದ್ದೂ ಆಗಿಲ್ಲ, ಎಷ್ಟೋ ಮನೆಗಳ ಡಬ್ಬಿಗಳಲ್ಲಿ ಈಗಲೂ ಸಾಕಷ್ಟು ಬಿದ್ದಿವೆ. ಇನ್ನೊಂದು: 2011ರ ನಾಣ್ಯ ಕಾಯ್ದೆಯ ಪ್ರಕಾರ ನಾಣ್ಯ ಕರಗಿಸುವುದು, ನಾಶಮಾಡುವುದು ಅಪರಾಧ. ‘ತಪ್ಪು’ ತಯಾರಿಸಲು ಕಾನಸು ಹಿಡಿಯುವವರು ಇದನ್ನು ಒಮ್ಮೆ ಓದಿಕೊಳ್ಳಲಿ.

ಮೊದಲು ಹೇಳಿದ ಆ ಎರಡು ರೂಪಾಯಿಯನ್ನು ನಾನು ಒಂದು ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಕಿ ಇಟ್ಟಿದ್ದೆ. ಒಂಬತ್ತು ತಿಂಗಳ ಮೇಲೆ, ಸಂಕ್ರಾಂತಿಯ ಹಿಂದಿನ ದಿನ, ಸಜ್ಜೆ ಬೀಸಿಸಲು ಸಾಲು ನಿಂತಿದ್ದ ಹೊತ್ತಿನಲ್ಲಿ ಇನ್ನೊಂದು ಬಂತು. ಅದೇ ವರ್ಷ. ವರ್ಷದ ಕೆಳಗೆ ಇದರಲ್ಲೂ ಗುರುತಿಲ್ಲ, ಎರಡೂ ಕೋಲ್ಕತ್ತದ ಮಕ್ಕಳು. ಬಲ ಅಂಚಿನ ಅದೇ ಜಾಗದಿಂದ ಅದೇ ಗೆರೆ ಹೊರಟಿದೆ, ಅದೇ ಅಕ್ಷರದ ಹತ್ತಿರ ಅದೇ ರೀತಿ ಸ್ವಲ್ಪ ಡೊಂಕಾಗಿದೆ. ಆದರೆ ಇದರಲ್ಲಿ ಗೆರೆ ಅಕ್ಷರಕ್ಕೆ ನಿಂತಿಲ್ಲ. ಅದನ್ನು ಸೀಳಿ ದಾಟಿ, ಬಯಲಿನಲ್ಲಿ ಹರಿದು ಸಿಂಹದ ಪೀಠದ ತನಕ ಬಂದಿದೆ. ಅಂದರೆ ಇದು ಮೊದಲನೆಯದರ ತಮ್ಮ. ಇವೆರಡರ ನಡುವೆ ಎಷ್ಟೋ ಸಾವಿರ ನಾಣ್ಯಗಳು ಆ ಬಿರುಕಿನ ಅಚ್ಚಿನಿಂದ ಹೊರಬಿದ್ದಿರಬೇಕು. ಬೀಸುವುದನ್ನು ನಿಲ್ಲಿಸಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುತ್ತ ನಿಂತಿದ್ದೆ. ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಡಬ್ಬಿ ಕುಟ್ಟಿದರು. ‘ಎಷ್ಟು ಹೊತ್ತು ಎಣಿಸುತ್ತೀಯಪ್ಪಾ, ಇರುವುದು ನಾಲ್ಕೇ ರೂಪಾಯಿ.’